ಬುಡ

ಗುಡ್ಡ ಕುಸಿದ ಮರುದಿನದ ಸುದ್ದಿಯಲ್ಲಿ ಒಂದು ಪದ ತಪ್ಪುವುದೇ ಇಲ್ಲ: ಏಕಾಏಕಿ. ಗುಡ್ಡ ಏಕಾಏಕಿ ಜರಿಯಿತು, ಕಡಲು ಏಕಾಏಕಿ ಅಂಗಳ ನುಂಗಿತು. ಆ ಹೊತ್ತಿನಲ್ಲಿ ಅಲ್ಲಿದ್ದವರ ಪಾಲಿಗೆ ಅದು ನಿಜವೇ. ಆದರೆ ದೊಡ್ಡ ಕುಸಿತಗಳ ವಿವರಗಳನ್ನು ಒಂದರ ಪಕ್ಕ ಒಂದಿಟ್ಟು ಓದುತ್ತ ಹೋದರೆ ಈ ಪದ ಕಾಲಿಗೆ ಹೊಕ್ಕ ಮುಳ್ಳಿನಂತೆ ಕಾಡತೊಡಗುತ್ತದೆ. ಒಂದು ಕಡೆ ಆರು ವಾರ ಮೊದಲೇ ಕಾಲುದಾರಿ ಬಿರುಕು ಬಿಟ್ಟಿತ್ತು. ಇನ್ನೊಂದು ಕಡೆ ಮೂರು ವರ್ಷ ಮೊದಲೇ ಬೆಟ್ಟದ ಮೈಮೇಲೆ ಎರಡು ಕಿಲೋಮೀಟರ್ ಉದ್ದದ ಸೀಳು ಬಿದ್ದಿತ್ತು. ಮತ್ತೊಂದು ಕಡೆ ಎಂಟು ವರ್ಷ ಮೊದಲು ಅದೇ ಇಳಿಜಾರು ಒಮ್ಮೆ ಜಾರಿ ನದಿಯನ್ನೇ ಪಕ್ಕಕ್ಕೆ ತಳ್ಳಿತ್ತು. ನೆಲ ಹೇಳಬೇಕಾದ್ದನ್ನು ಮೊದಲೇ ಹೇಳಿತ್ತು. ಯಾರೂ ಕಿವಿಗೊಡಲಿಲ್ಲ ಎಂದೂ ಹೇಳುವಂತಿಲ್ಲ. ಕೆಲವೆಡೆ ಅಳೆದಿದ್ದರು, ದಿನಾಂಕ ಹಾಕಿ ಬರೆದಿಟ್ಟಿದ್ದರು, ಬರೆದದ್ದಕ್ಕೆ ತಪ್ಪು ಅರ್ಥ ಹಚ್ಚಿದ್ದರು.

ಇದರ ಜತೆಗೆ ಇನ್ನೊಂದು ವಿಷಯವೂ ಕಾಡುತ್ತದೆ. ಗುಡ್ಡ ಕುಸಿತವನ್ನು ನೋಡುವವರು ಒಬ್ಬರು, ಕಡಲ್ಕೊರೆತವನ್ನು ನೋಡುವವರು ಇನ್ನೊಬ್ಬರು. ನಕ್ಷೆ ಬೇರೆ, ಹಣ ಬೇರೆ, ಮಾತಿನ ಪರಿಭಾಷೆಯೂ ಬೇರೆ. ಮಣ್ಣಿನ ಲೆಕ್ಕಕ್ಕೆ ಇಳಿದರೆ ಎರಡೂ ಕಡೆ ಕೇಳಬೇಕಾದ ಪ್ರಶ್ನೆಗಳು ಒಂದೇ: ಈ ಇಳಿಜಾರಿನ ಬುಡವನ್ನು ಯಾರು ತೆಗೆಯುತ್ತಿದ್ದಾರೆ, ಒಳಗೆ ಇಳಿದ ನೀರು ಎಲ್ಲಿಂದ ಹೊರಬರುತ್ತಿದೆ? ಈ ಎರಡು ಪ್ರಶ್ನೆಗಳನ್ನು ಬಿಟ್ಟು ಮಾಡಿದ ಅಧ್ಯಯನ ಎಷ್ಟೇ ದಪ್ಪವಾಗಿದ್ದರೂ ಕೆಲಸಕ್ಕೆ ಬಂದದ್ದು ಕಡಿಮೆ.

ಬುಡ ಹೊತ್ತ ಭಾರ

ಜೇಡಿಮಣ್ಣಿನ ದಪ್ಪ ಪದರವಿರುವ ಕಡೆ ಕುಸಿತದ ಜಾರುಮೈ, ಅಂದರೆ ಮಣ್ಣು ಯಾವುದರ ಮೇಲೆ ಜಾರುತ್ತದೋ ಆ ಒಳಮೈ, ಸೌಟಿನ ಒಳಮೈಯಂತೆ ಇರುತ್ತದೆ: ಮೇಲ್ತುದಿಯಲ್ಲಿ ಕಡಿದು, ಕೆಳತುದಿಯಲ್ಲಿ ಬಹುತೇಕ ಮಟ್ಟ, ಕೆಲವೊಮ್ಮೆ ಮೇಲ್ಮುಖ. ಮೇಲ್ತುದಿಯಲ್ಲಿ ಕೂತ ಮಣ್ಣಿನ ತೂಕ ಇಡೀ ರಾಶಿಯನ್ನು ಕೆಳಗೆ ತಳ್ಳುತ್ತದೆ. ಬುಡದಲ್ಲಿ ಕೂತ ಮಣ್ಣಿನ ತೂಕ ಅದನ್ನು ತಡೆಯುತ್ತದೆ. ತಡೆಯುವ ಬಲವನ್ನು ತಳ್ಳುವ ಬಲದಿಂದ ಭಾಗಿಸಿದರೆ ಬರುವುದೇ ಸುರಕ್ಷತಾ ಗುಣಾಂಕ. ಅದು 1ಕ್ಕೆ ಇಳಿದರೆ ಇಳಿಜಾರು ಜಾರುತ್ತದೆ. ಮನೆ, ರಸ್ತೆ ಇರುವ ಕಡೆ ಸಾಮಾನ್ಯವಾಗಿ 1.5ರ ಆಸುಪಾಸು ಇಟ್ಟುಕೊಳ್ಳುತ್ತಾರೆ. ತಲೆಯ ಮೇಲೆ ಒಂದು ಲಾರಿ ಮಣ್ಣು ಸುರಿದರೂ ಗುಣಾಂಕ ಇಳಿಯುತ್ತದೆ, ಬುಡದಿಂದ ಒಂದು ಲಾರಿ ಮಣ್ಣು ಎತ್ತಿದರೂ ಇಳಿಯುತ್ತದೆ. ಗುಡ್ಡ ಸೀಳಿ ರಸ್ತೆ ಮಾಡುವಾಗ ಬುಡದಿಂದ ಎತ್ತಿದ ಮಣ್ಣನ್ನೇ ಕೆಳಗಿನ ಇಳಿಜಾರಿನ ತಲೆಯ ಮೇಲೆ ಸುರಿಯುತ್ತಾರೆ. ಒಂದೇ ಕೆಲಸದಲ್ಲಿ ಎರಡು ಇಳಿಜಾರುಗಳ ಗುಣಾಂಕ ಇಳಿಯಿತು.

ಗುಡ್ಡ ಒಮ್ಮೆ ಜಾರಿತೆಂದರೆ ಬಿದ್ದ ಮಣ್ಣು ಬುಡದಲ್ಲೇ ಕೂತು ಊರೆಗೋಲಾಗುತ್ತದೆ. ಇಳಿಜಾರು ತನಗೆ ಒಗ್ಗುವ ಕೋನಕ್ಕೆ ಬಂದು ಸ್ವಲ್ಪ ಕಾಲ ವಿಶ್ರಮಿಸುತ್ತದೆ. ಕಡಲಂಚಿನ ದಿಬ್ಬಕ್ಕೆ ಈ ವಿಶ್ರಾಂತಿ ಇಲ್ಲ. ಬಿದ್ದ ರಾಶಿಯನ್ನು ಅಲೆಗಳು ಒಂದೆರಡು ಬಿರುಗಾಳಿಯ ಕಾಲದಲ್ಲಿ ತೊಳೆದು ಸಾಗಿಸಿಬಿಡುತ್ತವೆ, ಇಳಿಜಾರು ಮತ್ತೆ ಕಡಿದಾಗುತ್ತದೆ, ಮತ್ತೆ ಬೀಳುತ್ತದೆ. ಹಾಗಾಗಿ ಕಡಲ್ಕೊರೆತ ಎಂದು ನಾವು ಕರೆಯುವುದರಲ್ಲಿ ದೊಡ್ಡ ಪಾಲು ಭೂಕುಸಿತವೇ. ಕಡಲಿನ ಕೆಲಸ ಮುಖ್ಯವಾಗಿ ಬುಡ ಖಾಲಿ ಮಾಡುವುದು. ನದಿಯ ತಿರುವಿನಲ್ಲೂ ಇದೇ ನಡೆಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಓಸೊ ಬಳಿ 2014ರ ಮಾರ್ಚ್ 22ರಂದು ಜಾರಿ 43 ಜನರನ್ನು ಬಲಿ ತೆಗೆದುಕೊಂಡ ಇಳಿಜಾರಿನ ಬುಡವನ್ನು ಸ್ಟಿಲಾಗ್ವಾಮಿಶ್ ನದಿ ಕೊರೆಯುತ್ತಲೇ ಇತ್ತು. 2006ರಲ್ಲಿ ಅದೇ ಜಾಗ ಜಾರಿದ ಮೇಲೆ ಬುಡಕ್ಕೆ ಮರದ ದಿಮ್ಮಿಗಳ ಗೋಡೆ ಕಟ್ಟಿದ್ದರು. ನದಿ ಕೊರೆಯದಂತೆ ಕಾಯಲು ಕಟ್ಟಿದ ಗೋಡೆ ಅದು. 2014ರಲ್ಲಿ ಗುಡ್ಡವೇ ಹರಿದು ಬಂದು ಒಂದು ಕಿಲೋಮೀಟರಿಗೂ ದೂರ, ನದಿ ದಾಟಿ, ಎದುರು ದಂಡೆಯ ಮನೆಗಳ ಮೇಲೆ ಹರಡಿತು.

ಕುಸಿತವಾದ ಕೂಡಲೇ ಜೆಸಿಬಿ ತಂದು ರಸ್ತೆಯ ಮೇಲಿನ ಮಣ್ಣನ್ನು ಬುಡದಿಂದ ಬಾಚುವುದು ಇದೇ ಕಾರಣಕ್ಕೆ ಅಪಾಯಕಾರಿ. ಆ ಮಣ್ಣು ಅಡ್ಡಿಯಂತೆ ಕಂಡರೂ ಆ ಹೊತ್ತಿಗೆ ಗುಡ್ಡಕ್ಕಿರುವ ಒಂದೇ ಆಸರೆ ಅದು. ಮೊದಲು ಮೇಲಿನ ಬಿರುಕುಗಳನ್ನು ಜೇಡಿಮಣ್ಣು ತುಂಬಿ, ಟಾರ್ಪಾಲು ಹೊದಿಸಿ ಮುಚ್ಚಬೇಕು. ಮೇಲಿನಿಂದ ಹರಿದು ಬರುವ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ತಲೆಯ ಕಡೆಯಿಂದ ಭಾರ ಇಳಿಸಿಕೊಂಡು ಬರಬೇಕು. ಬುಡವನ್ನು ಮುಟ್ಟಲೇಬೇಕಾದರೆ ಮಳೆ ಬಿಟ್ಟ ದಿನಗಳಲ್ಲಿ, ಕೆಲವೇ ಮೀಟರು ಉದ್ದದ ತುಂಡುಗಳಲ್ಲಿ, ಒಂದು ತುಂಡಿಗೆ ಆಸರೆ ಕೊಟ್ಟಾದ ಮೇಲೇ ಮುಂದಿನದನ್ನು ತೆರೆಯಬೇಕು. ಆದರೆ ರಸ್ತೆ ಬೇಗ ತೆರೆಯಬೇಕೆಂಬ ಒತ್ತಡ ಈ ಕ್ರಮವನ್ನು ಸಾಮಾನ್ಯವಾಗಿ ತಲೆಕೆಳಗು ಮಾಡುತ್ತದೆ. ಎರಡನೇ ಕುಸಿತದಲ್ಲಿ ಸಿಕ್ಕಿಕೊಳ್ಳುವವರು ಮೊದಲನೆಯದನ್ನು ತೆಗೆಯಲು ಬಂದವರೇ.

ನೀರಿನ ಬಗ್ಗೆ ಬಹಳ ಜನ ನಂಬಿರುವ ಒಂದು ಮಾತಿದೆ: ನೀರು ಎಣ್ಣೆಯಂತೆ ಮಣ್ಣನ್ನು ಜಾರಿಸುತ್ತದೆ ಅಂತ. ಹಾಗಲ್ಲ. ಎದೆಮಟ್ಟದ ನೀರಿನಲ್ಲಿ ನಿಂತರೆ ಪಾದ ತಳಕ್ಕೆ ಗಟ್ಟಿಯಾಗಿ ಊರುವುದಿಲ್ಲವಲ್ಲ, ಮಣ್ಣಿನ ಕಣಗಳಿಗೂ ಅದೇ ಆಗುತ್ತದೆ. ಕಣಗಳ ಸಂದಿಯಲ್ಲಿ ತುಂಬಿದ ನೀರಿನ ಒತ್ತಡ ತೂಕದ ಒಂದು ಪಾಲನ್ನು ಹೊತ್ತುಕೊಳ್ಳುತ್ತದೆ, ಕಣ ಕಣದ ಮೇಲೆ ಒತ್ತುವುದು ಕಡಿಮೆಯಾಗುತ್ತದೆ, ಒತ್ತಿದಷ್ಟೇ ಘರ್ಷಣೆ. ಎಂಜಿನಿಯರ್ ಕಾರ್ಲ್ ಟೆರ್ಜಾಘಿ ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಕಟ್ಟಿಕೊಟ್ಟ ಈ ಒಂದು ತತ್ತ್ವದ ಮೇಲೆ ಮಣ್ಣಿನ ಬಲದ ಇಡೀ ಶಾಸ್ತ್ರ ನಿಂತಿದೆ. ಅಂಟಿಲ್ಲದ ಒಣ ಮರಳು 34 ಡಿಗ್ರಿ ಕೋನದಲ್ಲಿ ನಿಲ್ಲಬಲ್ಲದಾದರೆ, ನೀರು ಮೇಲ್ಮೈವರೆಗೂ ತುಂಬಿ ಇಳಿಜಾರಿಗೆ ಸಮಾನಾಂತರವಾಗಿ ಹರಿಯುವಾಗ ಅದೇ ಮರಳು 18–19 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು. ಬೇಸಗೆಯಲ್ಲಿ ಗಟ್ಟಿಯಾಗಿ ನಿಂತ ದಿಬ್ಬವನ್ನು ನೋಡಿ ಇದು ನೂರು ವರ್ಷದಿಂದ ಹೀಗೇ ಇದೆ ಎನ್ನುವವರು ಕೇಳಬೇಕಾದ್ದು, ಆ ನೂರು ವರ್ಷದಲ್ಲಿ ಒಳಗಿನ ನೀರು ಎಷ್ಟು ಎತ್ತರಕ್ಕೆ ಏರಿತ್ತು ಎಂಬುದನ್ನು. ವೇಲ್ಸಿನ ಅಬರ್‌ಫಾನಿನಲ್ಲಿ ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಒರತೆಗಳ ಮೇಲೆಯೇ ಸುರಿದಿದ್ದರು. ಆ ಒರತೆಗಳು ನಕ್ಷೆಯಲ್ಲಿ ಇದ್ದವು. 1966ರ ಅಕ್ಟೋಬರ್ 21ರ ಬೆಳಗ್ಗೆ ಆ ರಾಶಿ ಕೆಸರಾಗಿ ಶಾಲೆಯ ಮೇಲೆ ಇಳಿಯಿತು. ಸತ್ತ 144 ಮಂದಿಯಲ್ಲಿ 116 ಮಕ್ಕಳು. ಸ್ಥಳ ಪರಿಶೀಲನೆಗೆ ಹೋಗುವ ಮೊದಲು ಹಳೆಯ ನಕ್ಷೆ ತೆಗೆದು ಒರತೆ, ತೊರೆ, ಕೆರೆಯ ಗುರುತುಗಳನ್ನು ನೋಡುವುದಕ್ಕೆ ಅರ್ಧ ಗಂಟೆ ಸಾಕು.

ಕಡಲಂಚಿನಲ್ಲಿ ಮಳೆಗೆ ಕುಸಿದದ್ದು

ಇಂಗ್ಲೆಂಡಿನ ಸ್ಕಾರ್ಬರೊದಲ್ಲಿ ಕಡಲಿಗೆ ಮುಖ ಮಾಡಿ ದಿಬ್ಬದ ಮೇಲೆ ಹಾಲ್‌ಬೆಕ್ ಹಾಲ್ ಎಂಬ ಹೋಟೆಲಿತ್ತು. 1993ರ ಏಪ್ರಿಲ್ ಕೊನೆಯ ಹೊತ್ತಿಗೆ ದಿಬ್ಬದ ಮೇಲಿನ ಡಾಂಬರು ಕಾಲುದಾರಿಯಲ್ಲಿ ಬಿರುಕು ಕಾಣಿಸಿತು. ಜೂನ್ 3ರ ರಾತ್ರಿ ಬಿರುಕು ಮತ್ತೆ ಬಾಯಿಬಿಟ್ಟಿತು. ಬೆಳಗ್ಗೆ ಎದ್ದ ಅತಿಥಿಗಳಿಗೆ ಹುಲ್ಲುಹಾಸಿನ ದೊಡ್ಡ ಭಾಗವೇ ಕಾಣಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದರು, ಯಾರೂ ಸಾಯಲಿಲ್ಲ. ಜೂನ್ 5ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಟನ್ ಜೇಡಿಮಣ್ಣು ಸೌಟಿನ ಆಕಾರದಲ್ಲಿ ತಿರುಗಿ ಜಾರಿತ್ತು, 60 ಮೀಟರ್ ಎತ್ತರದ ದಿಬ್ಬದ ಅಂಚು 70 ಮೀಟರ್ ಹಿಂದೆ ಸರಿದಿತ್ತು, ಕಟ್ಟಡದ ಒಂದು ಪಾರ್ಶ್ವ ಕುಸಿದು ಹೋಗಿತ್ತು. ಜಾರಿದ ಮಣ್ಣು ಕಡಲತೀರ ದಾಟಿ 135 ಮೀಟರ್ ಮುಂದಕ್ಕೆ ಅರ್ಧಚಂದ್ರಾಕಾರದ ಭೂಶಿರವನ್ನೇ ಮಾಡಿತು.

ಕಡಲ ಪಕ್ಕದ ಕುಸಿತವಾದ್ದರಿಂದ ಎಲ್ಲರ ಬೆರಳು ಮೊದಲು ಅಲೆಯ ಕಡೆ ತಿರುಗುತ್ತದೆ. ಆದರೆ ಭೂವಿಜ್ಞಾನಿಗಳು ಹೇಳಿದ ಕಾರಣಗಳಲ್ಲಿ ಮುಂದೆ ಬಂದದ್ದು ಹಿಂದಿನ ಎರಡು ತಿಂಗಳಲ್ಲಿ ಬಿದ್ದ 140 ಮಿಲಿಮೀಟರ್ ಮಳೆ, ಅದು ಒಳಗೆ ಏರಿಸಿದ ನೀರಿನ ಒತ್ತಡ, ಇಳಿಜಾರಿನ ಚರಂಡಿ ವ್ಯವಸ್ಥೆಯ ತೊಂದರೆಗಳು. ಎರಡು ತಿಂಗಳಿಗೆ 140 ಮಿಲಿಮೀಟರ್ ಎಂದರೆ ದೊಡ್ಡ ಮಳೆಯಲ್ಲ, ಅದೇ ಈ ಪ್ರಕರಣದ ಪಾಠ. ಜೇಡಿಮಣ್ಣಿನ ಆಳದ ಕುಸಿತಕ್ಕೆ ಒಂದು ಗಂಟೆಯ ರಭಸದ ಮಳೆಗಿಂತ ವಾರಗಟ್ಟಲೆ ಇಂಗಿದ ಸಾಧಾರಣ ಮಳೆ ಹೆಚ್ಚು ಕೆಲಸ ಮಾಡುತ್ತದೆ. ತೆಳು ಮಣ್ಣಿನ ಕಡಿದಾದ ಇಳಿಜಾರಿನಲ್ಲಿ ಇದು ತಿರುಗುಮುರುಗು: ಅಲ್ಲಿ ಕೆಲವೇ ಗಂಟೆಯ ರಭಸ ಸಾಕು. ಕಡಲ ಕಡೆಯ ಬುಡವನ್ನು ಕಾಂಕ್ರೀಟಿನಲ್ಲಿ ಎಷ್ಟೇ ಭದ್ರ ಮಾಡಿದರೂ ಮೇಲಿನ ಚರಂಡಿ ಒಡೆದು ಇಳಿಜಾರಿನೊಳಕ್ಕೆ ಸೋರುತ್ತಿದ್ದರೆ ಆ ಖರ್ಚು ಅರ್ಧ ಮಾತ್ರ ಫಲ ಕೊಡುತ್ತದೆ.

ಮಳೆಯ ಮಿತಿಯ ಬಗ್ಗೆ ಇಲ್ಲೇ ಒಂದು ಮಾತು. ಭೂರೂಪ ವಿಜ್ಞಾನಿ ನೆಲ್ ಕೇನ್ 1980ರಲ್ಲಿ ಜಗತ್ತಿನ ಹಲವೆಡೆಯ ದಾಖಲೆ ಸೇರಿಸಿ ಒಂದು ಸೂತ್ರ ಕೊಟ್ಟರು: ಗಂಟೆಗೆ ಬೀಳುವ ಮಿಲಿಮೀಟರ್ ಮಳೆ, 14.82ನ್ನು ಮಳೆಯ ಅವಧಿಯ 0.39ನೇ ಘಾತದಿಂದ ಭಾಗಿಸಿದಷ್ಟಕ್ಕಿಂತ ಹೆಚ್ಚಾದರೆ ಆಳವಿಲ್ಲದ ಕುಸಿತಗಳು ಶುರುವಾಗಬಹುದು. ಲೆಕ್ಕ ಹಾಕಿದರೆ ಒಂದು ಗಂಟೆಗೆ ಸುಮಾರು 15, ಹತ್ತು ಗಂಟೆಗೆ 60, ಇಪ್ಪತ್ನಾಲ್ಕು ಗಂಟೆಗೆ 103 ಮಿಲಿಮೀಟರ್. ಇದು ಕೆಳಮಿತಿ. ಮಳೆ ಹೆಚ್ಚಿರುವ ಬೆಟ್ಟಸಾಲಿನಲ್ಲಿ ಈ ಅಂಕಿಯನ್ನೇ ಎಚ್ಚರಿಕೆಗೆ ಬಳಸಿದರೆ ಮಳೆಗಾಲದ ಅರ್ಧ ದಿನಗಳು ಎಚ್ಚರಿಕೆಯ ದಿನಗಳಾಗುತ್ತವೆ, ಮೂರನೇ ವಾರಕ್ಕೆ ಯಾರೂ ಮನೆ ಬಿಡುವುದಿಲ್ಲ. ಆಯಾ ಜಾಗದ ಕುಸಿತಗಳ ದಿನ ಮತ್ತು ಗಂಟೆಯನ್ನು ಹತ್ತಿರದ ಮಳೆಮಾಪಕದ ಜತೆ ಹೊಂದಿಸಿ ಸ್ವಂತ ಮಿತಿ ಕಂಡುಕೊಳ್ಳಬೇಕು. ಅದಕ್ಕೆ ಬೇಕಾದದ್ದು ಕುಸಿತದ ಗಂಟೆ. ಆದರೆ ದಾಖಲೆಗಳಲ್ಲಿ ದಿನಾಂಕ ಸಿಗುತ್ತದೆ, ಗಂಟೆ ಸಿಗುವುದಿಲ್ಲ. ಮಳೆಮಾಪಕವೂ ಕಣಿವೆಯ ತಳದಲ್ಲಿರುತ್ತದೆ, ಮಳೆ ಹೊಯ್ದದ್ದು ಶಿಖರದ ಹತ್ತಿರ.

ಗೂಟ, ಟೇಪು, ಪುಸ್ತಕ

ಉಪಗ್ರಹದ ರೇಡಾರ್, ವಿಮಾನದಿಂದ ಲೇಸರ್ ಹಾಯಿಸಿ ಮರಗಳಡಿಯ ನೆಲವನ್ನು ತೋರಿಸುವ ಲೈಡಾರ್ ಇವೆಲ್ಲ ಬಂದಿವೆ, ಬರಬೇಕಾದ್ದೇ. ಓಸೊ ಸುತ್ತಲಿನ ಕಣಿವೆಯ ಲೈಡಾರ್ ಚಿತ್ರದಲ್ಲಿ ಹಳೆಯ ಮಹಾಕುಸಿತಗಳ ಅರ್ಧಚಂದ್ರಗಳು ಒಂದರ ಪಕ್ಕ ಒಂದು ಎದ್ದು ಕಾಣುತ್ತವೆ. ಕಾಡಿನೊಳಗೆ ನಿಂತ ಕಣ್ಣಿಗೆ ಅವು ಕಾಣವು. ರೇಡಾರಿಗೆ ಮಿತಿಗಳಿವೆ: ದಟ್ಟ ಹಸಿರಿನಲ್ಲಿ ಸಂಕೇತ ಕೆಡುತ್ತದೆ, ಉತ್ತರ–ದಕ್ಷಿಣ ದಿಕ್ಕಿನ ಚಲನೆ ಅದಕ್ಕೆ ಸರಿಯಾಗಿ ತಿಳಿಯದು. ಸೆಂಟಿನೆಲ್-1 ಎಂಬ ರೇಡಾರ್ ಉಪಗ್ರಹದ ತರಂಗದುದ್ದ 5.6 ಸೆಂಟಿಮೀಟರ್ ಆದ್ದರಿಂದ ಎರಡು ಹಾದುಹೋಗುವಿಕೆಯ ನಡುವೆ ಅದರ ಕಾಲು ಭಾಗಕ್ಕಿಂತ, ಅಂದರೆ 1.4 ಸೆಂಟಿಮೀಟರಿಗಿಂತ, ಹೆಚ್ಚು ಸರಿದರೆ ಲೆಕ್ಕ ಗೋಜಲಾಗತೊಡಗುತ್ತದೆ. ಅಂದರೆ ಗುಡ್ಡ ನಿಧಾನವಾಗಿದ್ದಾಗ ಚೆನ್ನಾಗಿ ಕಾಣುತ್ತದೆ, ಅವಸರ ಮಾಡತೊಡಗಿದಾಗ ಕೈಕೊಡುತ್ತದೆ. ಆ ಹೊತ್ತಿಗೆ ನೆಲದ ಮೇಲೆ ಎರಡು ಗೂಟ ಇರಬೇಕು.

ಮೊದಲು ಬಿರುಕು ಯಾವ ಜಾತಿಯದೆಂದು ಗುರುತಿಸಬೇಕು. ಜೇಡಿಮಣ್ಣು ಒಣಗಿ ಬಿಟ್ಟ ಬಿರುಕು ಜೇನುಗೂಡಿನಂತೆ ಬಲೆಬಲೆಯಾಗಿರುತ್ತದೆ, ಎರಡೂ ಕಡೆ ಒಂದೇ ಮಟ್ಟ. ಜಾರುವ ಇಳಿಜಾರಿನ ಬಿರುಕು ಬಿಲ್ಲಿನಂತೆ ಬಾಗಿ ತುದಿಗಳು ಕೆಳಮುಖವಾಗಿರುತ್ತವೆ, ಕೆಳಬದಿ ಒಂದಿಷ್ಟು ತಗ್ಗಿರುತ್ತದೆ. ಎರಡನೆಯದಾದರೆ 60 ಸೆಂಟಿಮೀಟರಿಂದ ಒಂದು ಮೀಟರ್ ಉದ್ದದ ಕಬ್ಬಿಣದ ಸರಳುಗಳನ್ನು ಬಿರುಕಿನ ಎರಡೂ ಬದಿ ಹೊಡೆಯಬೇಕು. ತುಟಿಗೆ ತೀರ ಹತ್ತಿರ ಬೇಡ, ಅಂಚಿನ ಮಣ್ಣು ತನ್ನಷ್ಟಕ್ಕೆ ಕಳಚಿ ವಾಲಿ ಸುಳ್ಳು ಅಳತೆ ಕೊಡುತ್ತದೆ. ಒಂದು–ಒಂದೂವರೆ ಮೀಟರ್ ಹಿಂದಿರಲಿ. ಮೇಲಿನ ಗಟ್ಟಿ ನೆಲದಲ್ಲಿ ಎರಡು, ಕೆಳಗಿನ ಸರಿಯುವ ನೆಲದಲ್ಲಿ ಒಂದು, ಹೀಗೆ ತ್ರಿಕೋನ ಮಾಡಿದರೆ ಎಷ್ಟು ಸರಿಯಿತು ಎಂಬುದರ ಜತೆ ಯಾವ ಕಡೆಗೆ ಎಂಬುದೂ ಸಿಗುತ್ತದೆ. ಸರಳಿನ ತಲೆಯಲ್ಲಿ ಉಳಿಯಿಂದ ಒಂದು ಚುಕ್ಕಿ ಹೊಡೆದು, ಚುಕ್ಕಿಯಿಂದ ಚುಕ್ಕಿಗೆ ಮಿಲಿಮೀಟರಿನಲ್ಲಿ ಅಳೆಯಬೇಕು. ಕೆಳಬದಿ ಎಷ್ಟು ಇಳಿಯಿತೆಂದು ನೋಡಲು ಮೇಸ್ತ್ರಿಗಳು ಮಟ್ಟ ನೋಡುವ ನೀರಿನ ಪೈಪೇ ಸಾಕು. ಟೇಪು ಪ್ರತಿ ಸಲ ಅದೇ ಇರಲಿ, ಎಳೆಯುವ ಬಿಗಿಯೂ ಅಷ್ಟೇ ಇರಲಿ, ಹೊತ್ತೂ ಅದೇ ಇರಲಿ: 10 ಮೀಟರ್ ಉಕ್ಕಿನ ಟೇಪು 20 ಡಿಗ್ರಿ ಬಿಸಿ ಏರಿದರೆ ತಾನೇ 2.3 ಮಿಲಿಮೀಟರ್ ಹಿಗ್ಗುತ್ತದೆ. ಪುಸ್ತಕದಲ್ಲಿ ದಿನ, ಗಂಟೆ, ಅಳತೆ, ಹಿಂದಿನ 24 ಗಂಟೆಯ ಮಳೆ, ಅಳೆದವರ ಹೆಸರು. ಒಣಗಾಲದಲ್ಲಿ ವಾರಕ್ಕೊಮ್ಮೆ, ಮಳೆಯಲ್ಲಿ ದಿನಕ್ಕೆರಡು ಸಲ. ವೇಗ ಏರತೊಡಗಿದ ದಿನದಿಂದ ಕೆಳಬದಿಗೆ ಯಾರೂ ಇಳಿಯಬಾರದು. ಮೊದಲೇ ತಂತಿ ಎಳೆದು ಮೇಲಿನಿಂದ ಓದುವ ಏರ್ಪಾಡು ಇರಬೇಕು.

ಈ ಸಣ್ಣ ಪುಸ್ತಕದಿಂದ ಒಂದು ದೊಡ್ಡ ಉಪಯೋಗವಿದೆ. ಜಪಾನಿನ ಫುಕುಜೊನೊ 1985ರಲ್ಲಿ ತೋರಿಸಿದ ವಿಧಾನ: ದಿನದ ವೇಗವನ್ನು ತಲೆಕೆಳಗು ಮಾಡಿ, ಅಂದರೆ 1ನ್ನು ವೇಗದಿಂದ ಭಾಗಿಸಿ, ಕಾಲದ ಎದುರು ಗುರುತಿಸಿ. ವೇಗ ಮೊದಲ ದಿನ 5 ಮಿಲಿಮೀಟರ್, ನಾಲ್ಕು ದಿನದ ನಂತರ 6.7, ಎಂಟನೇ ದಿನ 10, ಹನ್ನೆರಡನೇ ದಿನ 20 ಎಂದಿಟ್ಟುಕೊಳ್ಳಿ. ತಲೆಕೆಳಗಾದ ಅಂಕಿಗಳು 0.20, 0.15, 0.10, 0.05. ಚುಕ್ಕಿಗಳು ನೇರ ಗೆರೆಯಲ್ಲಿ ಇಳಿಯುತ್ತಿವೆ, ಗೆರೆ ಸೊನ್ನೆ ಮುಟ್ಟುವುದು ಹದಿನಾರನೇ ದಿನ. ಬರಿಯ ವೇಗವನ್ನು ನೋಡಿದವರಿಗೆ ಎಂಟನೇ ದಿನದವರೆಗೂ ಅಂಥದ್ದೇನೂ ಕಾಣುತ್ತಿರಲಿಲ್ಲ. ಆದರೆ ಇದು ಎಲ್ಲ ಕಡೆ ನಡೆಯುವ ಮಂತ್ರವಲ್ಲ. ಮಳೆ ನಿಂತರೆ ವೇಗ ಇಳಿದು ಗೆರೆ ಬಾಗುತ್ತದೆ. ಬಂಡೆ ಉರುಳುವುದಕ್ಕೆ, ತೊರೆಯ ಜಾಡಿನಲ್ಲಿ ಕಲ್ಲುಮಣ್ಣು ಹರಿದು ಬರುವುದಕ್ಕೆ ಇಂಥ ಮುನ್ಸೂಚನೆ ಬಹಳ ಸಲ ಇರುವುದೇ ಇಲ್ಲ. ಅಲ್ಲಿ ನೋಡಬೇಕಾದದ್ದು ತೊರೆಯನ್ನು: ಜೋರು ಮಳೆಯಲ್ಲಿ ತೊರೆ ಇದ್ದಕ್ಕಿದ್ದಂತೆ ಬತ್ತಿದರೆ, ಇಲ್ಲವೇ ನೀರು ದಪ್ಪ ಕೆಸರಾಗಿ ಬಣ್ಣ ಬದಲಿಸಿದರೆ, ಮೇಲೆ ಎಲ್ಲೋ ಕಟ್ಟಿಕೊಂಡಿದೆ ಎಂದರ್ಥ. ಆಗ ಪಕ್ಕದ ಎತ್ತರಕ್ಕೆ ಹತ್ತಬೇಕು, ತೊರೆಯ ಉದ್ದಕ್ಕೂ ಕೆಳಗೆ ಓಡಬಾರದು. ಸೆಕೆಂಡಿಗೆ 5 ಮೀಟರಿಗಿಂತ ವೇಗದ ಕುಸಿತವನ್ನು ವರ್ಗೀಕರಣದಲ್ಲಿ ಅತ್ಯಂತ ಕ್ಷಿಪ್ರ ಎಂದು ಬೇರೆಯಿಟ್ಟಿರುವುದೇ ಮನುಷ್ಯ ಅದರ ಮುಂದೆ ಓಡಿ ಗೆಲ್ಲಲಾರನೆಂಬ ಕಾರಣಕ್ಕೆ.

ಆಳದಲ್ಲಿ ಎಲ್ಲಿ ಜಾರುತ್ತಿದೆ ಎಂದು ತಿಳಿಯಲು ಕೊಳವೆ ಕೊರೆದು ಇನ್‌ಕ್ಲಿನೋಮೀಟರ್ ಇಳಿಸುತ್ತಾರೆ, ಅರ್ಧರ್ಧ ಮೀಟರಿಗೆ ವಾಲಿಕೆ ಓದುತ್ತಾರೆ. ಇಲ್ಲಿ ಸಾಮಾನ್ಯ ತಪ್ಪು ಕೊಳವೆಯನ್ನು ಜಾರುಮೈಗಿಂತ ಮೇಲೆಯೇ ನಿಲ್ಲಿಸಿಬಿಡುವುದು. ಆಗ ಕೊಳವೆ ಇಡಿಯಾಗಿ ಗುಡ್ಡದ ಜತೆ ಸಾಗುತ್ತದೆ, ಓದು ಮಾತ್ರ ಏನೂ ಆಗಿಲ್ಲ ಎನ್ನುತ್ತದೆ. ಗಟ್ಟಿ ಪದರದೊಳಗೆ ಮೂರು ಮೀಟರಾದರೂ ಹೋಗಲೇಬೇಕು. ನೀರಿನ ಒತ್ತಡ ಅಳೆಯುವ ಪೀಜೋಮೀಟರಿನಲ್ಲಿ ತಪ್ಪಾಗುವುದು ಕೊಳವೆಯ ಸುತ್ತಲನ್ನು ಮುಚ್ಚುವ ಬೆಂಟೊನೈಟ್ ಮುದ್ರೆಯಲ್ಲಿ; ಬೆಂಟೊನೈಟ್ ಎಂದರೆ ನೀರು ಹೀರಿ ಉಬ್ಬುವ ಜೇಡಿಮಣ್ಣು. ಮುದ್ರೆ ಸರಿಯಾಗಿ ಕೂರದಿದ್ದರೆ ಮೇಲಿನ ಪದರದ ನೀರು ಕೊಳವೆಯಲ್ಲಿ ಇಳಿದು ಎಲ್ಲ ಪದರಗಳ ಬೆರಕೆ ಅಂಕಿಯೊಂದು ಬರುತ್ತದೆ.

ಅಳೆದೂ ತಪ್ಪಿದ್ದು

ವಾಯೊಂತಿನ ಕಥೆಯನ್ನು ಈ ವಿಷಯದಲ್ಲಿ ಕೆಲಸ ಮಾಡುವವರೆಲ್ಲ ಓದಿರುತ್ತಾರೆ, ಆದರೂ ಮತ್ತೆ ಹೇಳಬೇಕು. ಇಟಲಿಯಲ್ಲಿ 260 ಮೀಟರಿಗೂ ಎತ್ತರದ ಅಣೆಕಟ್ಟು, ಪಕ್ಕದಲ್ಲಿ ಟೋಕ್ ಬೆಟ್ಟ. 1960ರಲ್ಲಿ ಜಲಾಶಯ ತುಂಬತೊಡಗಿದಾಗಲೇ ಬೆಟ್ಟದ ಮೇಲೆ ಎರಡು ಕಿಲೋಮೀಟರ್ ಉದ್ದದ ಬಿರುಕು ಬಂತು, ಆ ನವೆಂಬರಿನಲ್ಲಿ ಏಳು ಲಕ್ಷ ಘನ ಮೀಟರ್ ಜಾರಿ ನೀರಿಗೆ ಬಿತ್ತು. ಅಲ್ಲಿಂದ ಮುಂದೆ ಅಳತೆ ನಡೆದೇ ಇತ್ತು. ನೀರಿನ ಮಟ್ಟ ಏರಿಸಿದರೆ ಬೆಟ್ಟ ಸರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ ಎಂಬುದನ್ನು ಕಂಡರು. ಅದರಿಂದ ಮಟ್ಟವನ್ನು ಏರಿಸಿ ಇಳಿಸಿ ಬೆಟ್ಟವನ್ನು ನಿಧಾನವಾಗಿ ಕೆಳಗೆ ಕರೆದುಕೊಳ್ಳಬಹುದು ಎಂಬ ತೀರ್ಮಾನಕ್ಕೆ ಬಂದರು. ಎರಡು ಸಲ ಅದು ನಿಜವಾದಂತೆಯೂ ಕಂಡಿತು. 1963ರ ಸೆಪ್ಟೆಂಬರ್ ಕೊನೆಯಲ್ಲಿ ಮಟ್ಟ ಇಳಿಸತೊಡಗಿದರು. ಈ ಸಲ ಬೆಟ್ಟ ನಿಲ್ಲಲಿಲ್ಲ, ದಿನಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿದ್ದ ವೇಗ 20 ಸೆಂಟಿಮೀಟರಿಗೆ ಏರಿತು. ಅಕ್ಟೋಬರ್ 9ರ ರಾತ್ರಿ ಸುಮಾರು 27 ಕೋಟಿ ಘನ ಮೀಟರ್ ಬಂಡೆಮಣ್ಣು ಒಂದು ನಿಮಿಷದೊಳಗೆ ಜಲಾಶಯಕ್ಕೆ ನುಗ್ಗಿತು. ಅಣೆಕಟ್ಟು ನಿಂತೇ ಇತ್ತು, ಅದರ ಮೇಲಿಂದ ಹಾರಿದ ನೀರು ಲೊಂಗಾರೊನೆ ಪಟ್ಟಣವನ್ನು ತೊಳೆದುಕೊಂಡು ಹೋಯಿತು. ಸತ್ತವರು ಹತ್ತಿರ ಹತ್ತಿರ ಎರಡು ಸಾವಿರ.

ಅಳತೆ ಸರಿಯಾಗಿತ್ತು. ಬೆಟ್ಟ ಹೀಗೇ ನಿಧಾನವಾಗಿ ಸರಿಯುತ್ತದೆ ಎಂಬ ಊಹೆ ತಪ್ಪಾಗಿತ್ತು. ಒಳಗೆ ಜೇಡಿಮಣ್ಣಿನ ತೆಳು ಪದರಗಳ ಮೇಲೆ ಹಿಂದೆಯೇ ಒಮ್ಮೆ ಜಾರಿ ನಯವಾಗಿದ್ದ ಮೈ ಇತ್ತು. ಗೂಟದ ಅಂಕಿ ಎಷ್ಟು ಬೇಗ ಎಂದು ಹೇಳುತ್ತದೆ. ಏನು, ಯಾವ ಮೈಯ ಮೇಲೆ ಎಂಬುದಕ್ಕೆ ಬೆಟ್ಟ ಹತ್ತಿ ಪದರ ನೋಡಬೇಕು, ಹಳೆಯ ಕುಸಿತದ ಗುರುತು ಹುಡುಕಬೇಕು. ನೋಡುವವರ ಊಹೆಯನ್ನು ಮುರಿಯುವ ಅಂಕಿ ಬಂದ ದಿನ, ಅಂದರೆ ನೀರಿಳಿಸಿದರೂ ವೇಗ ಏರಿದ ದಿನ, ಕೆಳಗಿನವರನ್ನು ಎಬ್ಬಿಸಬೇಕಿತ್ತು.

ವರ್ಷಕ್ಕೆ ಎರಡು ಮೀಟರ್ ಎಂದರೆ

ಕಡಲ್ಕೊರೆತದ ವರದಿಗಳಲ್ಲಿ ಸರಾಸರಿ ಅಂಕಿಯೊಂದು ಇರುತ್ತದೆ, ಎಲ್ಲರೂ ಅದನ್ನು ಎತ್ತಿಕೊಳ್ಳುತ್ತಾರೆ. ಇಂಗ್ಲೆಂಡಿನ ಹೋಲ್ಡರ್ನೆಸ್ ತೀರ ವರ್ಷಕ್ಕೆ ಸುಮಾರು ಎರಡು ಮೀಟರ್ ಹಿಂದೆ ಸರಿಯುತ್ತದೆ ಎನ್ನುತ್ತಾರೆ. ಅಲ್ಲಿ 1951ರಿಂದ 500 ಮೀಟರಿಗೊಂದರಂತೆ ಕಂಬ ನೆಟ್ಟು ಕಂಬದಿಂದ ಅಂಚಿನವರೆಗೆ ಅಳೆಯುತ್ತ ಬಂದಿದ್ದಾರೆ. ಆ ದೀರ್ಘ ದಾಖಲೆ ಹೇಳುವುದೇನೆಂದರೆ ಯಾವ ಕಂಬದ ಬಳಿಯೂ ವರ್ಷಕ್ಕೆ ಎರಡು ಮೀಟರ್ ಶಿಸ್ತಿನಿಂದ ಹೋಗುವುದಿಲ್ಲ. ಕೆಲವು ವರ್ಷ ಏನೂ ಇಲ್ಲ, ಆಮೇಲೆ ಒಂದೇ ವರ್ಷ ಸರಾಸರಿಯ ಹಲವು ಪಟ್ಟು. ಕಾರಣ ತೀರದ ಮರಳಿನಲ್ಲಿದೆ. ಮರಳು ತೆಳುವಾಗಿ ಜೇಡಿತಳ ಬಯಲಾಗಿರುವ ತಗ್ಗು ಭಾಗಗಳು ಅಲ್ಲಿ ವರ್ಷಕ್ಕೆ ಸುಮಾರು ಅರ್ಧ ಕಿಲೋಮೀಟರ್ ದಕ್ಷಿಣಕ್ಕೆ ಸಾಗುತ್ತಿರುತ್ತವೆ. ಅಂಥ ತಗ್ಗು ಯಾವ ದಿಬ್ಬದ ಮುಂದೆ ಬಂದು ನಿಲ್ಲುತ್ತದೋ ಅದರ ಬುಡಕ್ಕೆ ಅಲೆ ನೇರ ತಾಗುತ್ತದೆ. ಮನೆ 20 ಮೀಟರ್ ದೂರವಿದೆ, ಹತ್ತು ವರ್ಷ ನಿಶ್ಚಿಂತೆ ಎಂದು ಭಾಗಾಕಾರ ಮಾಡುವವರು ಈ ತಗ್ಗು ಈಗ ಎಲ್ಲಿದೆ ಎಂದು ನೋಡಿರುವುದಿಲ್ಲ.

ಅಂಕಿ ಹೇಗೆ ಬಂತೆಂದೂ ಕೇಳಬೇಕು. ಹಳೆಯ ಮತ್ತು ಹೊಸ ವೈಮಾನಿಕ ಚಿತ್ರ ಹೋಲಿಸುವಾಗ ಒಂದೊಂದರಲ್ಲೂ ಮೂರು ಮೀಟರ್ ಸ್ಥಾನದೋಷ ಇದ್ದರೆ ಒಟ್ಟು ದೋಷ ಸುಮಾರು 4.2 ಮೀಟರ್. ಚಿತ್ರಗಳ ನಡುವೆ ಹತ್ತೇ ವರ್ಷ ಇದ್ದರೆ ವರ್ಷಕ್ಕೆ 0.42 ಮೀಟರಿಗಿಂತ ಕಡಿಮೆಯ ಯಾವ ಕೊರೆತವನ್ನೂ ಆ ಹೋಲಿಕೆ ಹೇಳಲಾರದು. ನೀರಂಚನ್ನೇ ತೀರರೇಖೆ ಎಂದು ಎಳೆದಿದ್ದರೆ ಇನ್ನೂ ಕಷ್ಟ. 50ಕ್ಕೆ 1ರ ಇಳಿಜಾರಿನ ತೀರದಲ್ಲಿ ಉಬ್ಬರದ ಮಟ್ಟ ಅರ್ಧ ಮೀಟರ್ ಬೇರೆಯಾದರೆ ನೀರಂಚು 25 ಮೀಟರ್ ಸರಿಯುತ್ತದೆ, ಒಂದು ಕಣ ಮರಳೂ ಹೋಗಿರುವುದಿಲ್ಲ. ಹುಲ್ಲುಬಳ್ಳಿ ಶುರುವಾಗುವ ಗೆರೆ ಅಥವಾ ದಿಬ್ಬದ ಅಂಚು ಹೆಚ್ಚು ನಂಬಿಕೆಗೆ ಅರ್ಹ.

ಮರಳಿನ ತೀರದ ಅಡ್ಡಕೊಯ್ತವನ್ನು ಅಳೆಯಲು ಕೆ.ಒ. ಎಮರಿ 1961ರಲ್ಲಿ ಹೇಳಿಕೊಟ್ಟ ಎರಡು ಕೋಲಿನ ವಿಧಾನ ಇಂದಿಗೂ ಚಲಾವಣೆಯಲ್ಲಿದೆ. ಒಂದೂವರೆ ಮೀಟರಿನ ಎರಡು ಕೋಲು, ತುದಿಯಿಂದ ಕೆಳಮುಖವಾಗಿ ಸೆಂಟಿಮೀಟರ್ ಗುರುತು, ನಡುವೆ ಅಷ್ಟೇ ಉದ್ದದ ಹಗ್ಗ. ಹಿಂಬದಿಯ ಗಟ್ಟಿ ನೆಲದಲ್ಲಿ ಒಂದು ಗುರುತುಗಲ್ಲು, ಅಲ್ಲಿಂದ ಕಡಲಿಗೆ ಒಂದೇ ನಿಗದಿತ ದಿಕ್ಕು. ನೆಲದ ಕಡೆಯ ಕೋಲಿನ ಹಿಂದೆ ನಿಂತು ಕಡಲ ಕಡೆಯ ಕೋಲಿನ ತುದಿಯನ್ನು ದಿಗಂತಕ್ಕೆ ಸೇರಿಸಿದರೆ, ಆ ದೃಷ್ಟಿರೇಖೆ ಹತ್ತಿರದ ಕೋಲನ್ನು ಎಲ್ಲಿ ಕತ್ತರಿಸುತ್ತದೋ ಅಷ್ಟು ನೆಲ ಇಳಿದಿದೆ. ಬರೆದುಕೊಂಡು ಮುಂದಿನ ಹೆಜ್ಜೆ. ಒದ್ದೆ ಮರಳಿನಲ್ಲಿ ಕೋಲು ಹೂತುಹೋಗುವುದೇ ದೊಡ್ಡ ದೋಷ. ಕೋಲಿನ ತಳಕ್ಕೆ ಅಂಗೈಯಗಲದ ತಟ್ಟೆ ಬಡಿದರೆ ತಪ್ಪುತ್ತದೆ. ದೊಡ್ಡ ಇಳಿತದ ದಿನ ಆರಿಸಿಕೊಂಡು ಪ್ರತಿ ತಿಂಗಳೂ ಅಳೆಯಬೇಕು. ಬಿರುಗಾಳಿಯ ಕಾಲದಲ್ಲಿ ಮರಳು ಕಡಲೊಳಗಿನ ದಿಣ್ಣೆಗೆ ಹೋಗಿ ಶಾಂತ ಕಾಲದಲ್ಲಿ ಮರಳಿ ಬರುತ್ತದೆ, ಈ ವರ್ಷದ ಬಿರುಗಾಳಿಯ ಕಾಲವನ್ನು ಹೋದ ವರ್ಷದ ಶಾಂತ ಕಾಲದೊಡನೆ ಹೋಲಿಸಿದರೆ ಇಲ್ಲದ ಕೊರೆತ ಹುಟ್ಟುತ್ತದೆ.

ಕಲ್ಲು ಹಾಕುವ ಮುನ್ನ

ಕಡಲು ಕೊರೆಯಿತೆಂದರೆ ಕೇಳಿಬರುವ ಮೊದಲ ಬೇಡಿಕೆ ಕಲ್ಲು. ಕಲ್ಲಿನ ಗೋಡೆ ತನ್ನ ಹಿಂದಿನ ನೆಲವನ್ನು ಉಳಿಸಬಲ್ಲದು, ಮುಂದಿನ ಮರಳನ್ನು ಉಳಿಸಲಾರದು. ಬಡಿದು ಹಿಂದಿರುಗಿದ ಅಲೆ ಗೋಡೆಯ ಬುಡದ ಮರಳನ್ನು ಎಬ್ಬಿಸಿ ಒಯ್ಯುತ್ತದೆ. ಗೋಡೆಗಳು ಬೀಳುವುದು ಅಲೆಯ ಹೊಡೆತಕ್ಕಿಂತ ಹೆಚ್ಚಾಗಿ ಈ ಬುಡದ ಗುಂಡಿಯಿಂದ, ಮತ್ತು ಹಿಂದಿನ ಮಣ್ಣು ಸೋರಿ ಹೋಗುವುದರಿಂದ. ದೊಡ್ಡ ಕಲ್ಲಿನ ಕೆಳಗೆ ಸಣ್ಣ ಕಲ್ಲಿನ ಪದರ, ಅದರ ಕೆಳಗೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಇಲ್ಲದಿದ್ದರೆ ಪ್ರತಿ ಅಲೆ ಹಿಂದೆ ಸರಿಯುವಾಗಲೂ ಒಂದಿಷ್ಟು ಮರಳನ್ನು ಸಂದಿಯಿಂದ ಹೀರುತ್ತದೆ. ಒಂದೆರಡು ಮಳೆಗಾಲ ಕಳೆದು ಕಲ್ಲುಗಳು ಕೆಳಗಿಳಿದಾಗ ಕಲ್ಲು ಕದ್ದರು ಎನ್ನುವುದನ್ನೂ ಕೇಳಬಹುದು. ಕಲ್ಲು ಅಲ್ಲೇ ಇರುತ್ತದೆ, ಅಡಿಯ ಮಣ್ಣು ಹೋಗಿರುತ್ತದೆ. ಅಡಿಪಾಯ ಗುಂಡಿ ಬೀಳಬಹುದಾದ ಆಳಕ್ಕಿಂತ ಕೆಳಗೆ ಹೋಗಬೇಕು, ಇಲ್ಲವೇ ಗುಂಡಿ ಬಿದ್ದಾಗ ತಾನೇ ಕುಸಿದು ತುಂಬಿಕೊಳ್ಳುವಷ್ಟು ಹೆಚ್ಚುವರಿ ಕಲ್ಲನ್ನು ಬುಡದಲ್ಲಿ ಹರಡಿರಬೇಕು.

ಗೋಡೆಯ ತುದಿಯಲ್ಲಿ ಏನಾಗುತ್ತದೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ. ಹೋಲ್ಡರ್ನೆಸ್‌ನ ಮ್ಯಾಪಲ್ಟನ್ ಹಳ್ಳಿಯನ್ನು ಕಾಯಲು 1991ರಲ್ಲಿ ತೀರದಿಂದ ಕಡಲೊಳಕ್ಕೆ ಚಾಚುವ ಎರಡು ಕಲ್ಲಿನ ಅಡ್ಡದಂಡೆ ಕಟ್ಟಿದರು. ಹಳ್ಳಿ, ಅದರೊಳಗಿನ ರಸ್ತೆ ಉಳಿದವು. ದಕ್ಷಿಣಕ್ಕೆ ಹೋಗಬೇಕಿದ್ದ ಮರಳು ದಂಡೆಯ ಉತ್ತರಕ್ಕೆ ನಿಂತಿತು, ದಕ್ಷಿಣದ ಕೌಡನ್ ಕಡೆ ಕೊರೆತ ಹೆಚ್ಚಿತು. ತೀರದ ಮರಳಿಗೆ ಜಮಾ–ಖರ್ಚಿನ ಪುಸ್ತಕ ಬರೆಯದೆ ದಂಡೆ ಕಟ್ಟಬಾರದು ಎಂಬುದು ಇದಕ್ಕೇ: ನದಿಯಿಂದ ಎಷ್ಟು ಘನ ಮೀಟರ್ ಬರುತ್ತಿದೆ, ಮೇಲಿನ ಅಣೆಕಟ್ಟು ಎಷ್ಟು ತಡೆದಿದೆ, ಗಣಿಗಾರಿಕೆ ಎಷ್ಟು ಎತ್ತಿದೆ, ದಿಬ್ಬ ಕುಸಿದು ಎಷ್ಟು ಕೊಡುತ್ತಿದೆ. ಕೊನೆಯದನ್ನು ಮರೆಯುವುದು ಸುಲಭ. ಒಂದು ದಿಬ್ಬದ ಕುಸಿತವೇ ಪಕ್ಕದ ತೀರಕ್ಕೆ ಮರಳು. ಮರಳನ್ನೇ ತಂದು ಸುರಿಯುವ ದಾರಿಯೂ ಇದೆ. ನೆದರ್‌ಲ್ಯಾಂಡ್ಸ್ 2011ರಲ್ಲಿ ಒಂದೇ ಕಡೆ 2.15 ಕೋಟಿ ಘನ ಮೀಟರ್ ಸುರಿದು ಹಂಚುವ ಕೆಲಸವನ್ನು ಅಲೆ–ಗಾಳಿಗೆ ಬಿಟ್ಟಿತು. ತರುವ ಮರಳು ಅಲ್ಲಿಯ ಮರಳಿನಷ್ಟೇ ದಪ್ಪ ಅಥವಾ ಒಂದಿಷ್ಟು ಹೆಚ್ಚು ದಪ್ಪವಿರಬೇಕು, ನುಣುಪಾದರೆ ಮೊದಲ ಬಿರುಗಾಳಿಯಲ್ಲೇ ಮಾಯ. ಸುರಿದ ಮೇಲೂ ಕೆಲವು ವರ್ಷಕ್ಕೊಮ್ಮೆ ಮತ್ತೆ ಸುರಿಯುವ ಹಣ ಮೊದಲೇ ತೆಗೆದಿಟ್ಟಿರಬೇಕು.

ಗುಡ್ಡದ ಕಡೆ ಅಗ್ಗದ ಮತ್ತು ಹೆಚ್ಚು ಫಲ ಕೊಡುವ ಕೆಲಸ ಚರಂಡಿ. ಅದರಲ್ಲೂ ಒಂದು ಅಪಾಯ ಇದೆ: ಇಳಿಜಾರಿನ ತಲೆಯ ಮೇಲೆ ತೆಗೆದ ಚರಂಡಿ ನೆಲ ಸ್ವಲ್ಪ ಸರಿದು ಒಡೆದರೆ ಇಡೀ ಬೆಟ್ಟದ ನೀರನ್ನು ಒಟ್ಟುಗೂಡಿಸಿ ನೇರ ಬಿರುಕಿಗೆ ಸುರಿಯುತ್ತದೆ. ಅಂಥ ಚರಂಡಿ ಇಲ್ಲದಿರುವುದೇ ಮೇಲು. ಒಳಕ್ಕೆ ಕೊರೆದು ಹಾಕುವ ತೂತಿನ ಪೈಪುಗಳು ಬೇರು, ಹೂಳು, ತುಕ್ಕಿನ ಬಣ್ಣದ ಲೋಳೆಯಿಂದ ಕಟ್ಟಿಕೊಳ್ಳುತ್ತವೆ. ತಡೆಗೋಡೆಯ ನೀರುಕಂಡಿಗಳದ್ದೂ ಅದೇ ಕಥೆ. ಹಾಂಗ್‌ಕಾಂಗಿನಲ್ಲಿ 1972ರ ಜೂನ್ 18ರಂದು ಎರಡು ಕುಸಿತಗಳಲ್ಲಿ 138 ಜನ ಸತ್ತರು, 1976ರಲ್ಲಿ ಮತ್ತೆ ಸತ್ತರು. 1977ರಲ್ಲಿ ಅದಕ್ಕೆಂದೇ ಒಂದು ಕಚೇರಿ ಶುರುವಾಯಿತು. ಇಂದು ಅಲ್ಲಿ ಮನುಷ್ಯರು ಕಡಿದ, ತುಂಬಿಸಿದ ಸುಮಾರು 60,000 ಇಳಿಜಾರುಗಳಿಗೆ ಒಂದೊಂದು ನೋಂದಣಿ ಸಂಖ್ಯೆಯಿದೆ, ದುರಸ್ತಿ ಯಾರ ಹೊಣೆ ಎಂದು ಬರೆದಿದೆ. ವರ್ಷಕ್ಕೊಮ್ಮೆ ವಾಡಿಕೆಯ ತಪಾಸಣೆ, ಐದು ವರ್ಷಕ್ಕೊಮ್ಮೆ ಎಂಜಿನಿಯರ್ ತಪಾಸಣೆ. ತಪಾಸಣೆಯ ಪಟ್ಟಿ ಓದಿದರೆ ಅಚ್ಚರಿಯ ಸಂಗತಿ ಏನೂ ಇಲ್ಲ: ಕಸ ತೆಗೆಯಿರಿ, ಒಡೆದ ಚರಂಡಿ ಮೆತ್ತಿರಿ, ನೀರುಕಂಡಿ ಬಿಡಿಸಿರಿ, ಹೂತ ನೀರಿನ ಪೈಪು ಸೋರುತ್ತಿದೆಯೇ ನೋಡಿರಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಮನುಷ್ಯರು ಮಾಡಿರುವ ಅತ್ಯುತ್ತಮ ಕೆಲಸಗಳಲ್ಲಿ ಈ ಪಟ್ಟಿಯೂ ಒಂದು.

ಗುರುತುಗಲ್ಲು

ಕಡಲಂಚಿನ ಅಳತೆಕಂಬಕ್ಕೆ ಆಯುಸ್ಸಿದೆ. ಅಂಚು ಹಿಂದೆ ಸರಿಯುತ್ತ ಬಂದು ಒಂದು ದಿನ ಕಂಬವನ್ನೇ ಬೀಳಿಸುತ್ತದೆ, ಅದರೊಂದಿಗೆ ಹಲವು ವರ್ಷಗಳ ಸರಣಿಯೂ ತುಂಡಾಗುತ್ತದೆ. ಕಂಬದಿಂದ ಅಂಚಿಗೆ ಉಳಿದ ದೂರ ಆ ಜಾಗದ ಐದಾರು ವರ್ಷದ ಕೊರೆತದಷ್ಟಕ್ಕೆ ಇಳಿದಾಗಲೇ ಅದೇ ದಿಕ್ಕಿನ ಗೆರೆಯಲ್ಲಿ ಹಿಂದಕ್ಕೆ ಹೊಸದನ್ನು ನೆಡಬೇಕು. ಎರಡರ ನಡುವಿನ ದೂರ, ದಿಕ್ಕು, ಮಟ್ಟದ ವ್ಯತ್ಯಾಸ ಮೂರನ್ನೂ ಎರಡು ಸಲ ಅಳೆದು ಬರೆಯಬೇಕು. ನೆಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಎರಡೂ ಕಂಬಗಳಿಂದ ಅಳೆಯಬೇಕು, ಎರಡರ ಅಂಕಿ ತಾಳೆಯಾಗದಿದ್ದರೆ ಹೊಸ ಕಂಬವೇ ಸರಿಯುತ್ತಿದೆಯೇ ಎಂದು ನೋಡಬೇಕು, ದೊಡ್ಡ ಜೇಡಿದಿಬ್ಬದ ಮೇಲೆ ಅದೂ ಆಗುತ್ತದೆ. ಹಳೆಯ ಕಂಬ ಬಿದ್ದದ್ದು ತಿಳಿದ ದಿನವನ್ನು ಅದೇ ಪುಸ್ತಕದಲ್ಲಿ, ಅದೇ ಕಂಬದ ಸಾಲಿನ ಕೆಳಗೆ ಬರೆಯಬೇಕು. ಅಂಚಿಗೆ ದೂರ: ಸೊನ್ನೆ.